ಸದ್ದಿಲ್ಲದೆ ನೋಡಿದರೆ ಯಾರ ಕುಸ್ತಿ ನಿಲ್ಲುತ್ತದೆ?

ಡಬ್ಲ್ಯೂಡಬ್ಲ್ಯೂಇ, ಅಂದರೆ ಅಮೆರಿಕದ ಟಿವಿ ಕುಸ್ತಿ, ನೋಡಿಕೊಂಡು ಬೆಳೆದವರನ್ನು ಕಾರವಾರದಲ್ಲಿ ಹುಡುಕಬೇಕಾಗಿಲ್ಲ. ಮೂವತ್ತು ದಾಟಿದ ಯಾರನ್ನಾದರೂ ಹಿಡಿದು 'ಎಲ್ಲಕ್ಕಿಂತ ಭಾರಿ ಮ್ಯಾಚ್ ಯಾವುದು' ಅಂತ ಕೇಳಿ. ಹೆಚ್ಚಿನವರು ಅಂಡರ್‌ಟೇಕರ್ ಮತ್ತು ಶಾನ್ ಮೈಕೆಲ್ಸ್ ಹೆಸರು ಹೇಳುತ್ತಾರೆ. 2009ರದ್ದಾ, 2010ರದ್ದಾ ಅಂತ ಕೇಳಿದರೆ ಅಲ್ಲೇ ಎರಡು ಪಾರ್ಟಿ ಆಗುತ್ತದೆ. ಇನ್ನೂ ಸ್ವಲ್ಪ ವಯಸ್ಸಾದವರು ಹತ್ತಿರ ಇದ್ದರೆ ಬ್ರೆಟ್ ಹಾರ್ಟ್ ಹೆಸರೂ ಬರುತ್ತದೆ. ಅವರ ಬಾಯಲ್ಲಿ ಇದು ಇವತ್ತಿಗೂ ಡಬ್ಲ್ಯೂಡಬ್ಲ್ಯೂಎಫ್. ಅದೇ ಮೂರಕ್ಷರ ಇಟ್ಟುಕೊಂಡ ವನ್ಯಜೀವಿ ಸಂಸ್ಥೆಯವರು ಕೋರ್ಟಿಗೆ ಹೋಗಿದ್ದರಿಂದ ಕಂಪನಿ 2002ರಲ್ಲೇ ಹೆಸರು ಬದಲಿಸಿತು. ನಮ್ಮ ಕರಾವಳಿಗೆ ಆ ತೀರ್ಪು ಇನ್ನೂ ತಲುಪಿಲ್ಲ.

ಈ ಮಳೆಗಾಲದಲ್ಲಿ ಹೆಸರುವಾಸಿ ಮ್ಯಾಚುಗಳನ್ನೆಲ್ಲ ಮತ್ತೆ ಹಾಕಿ ನೋಡಿದೆ. ನನ್ನ ಬಾಡಿಗೆ ಮನೆಗೆ ತಗಡಿನ ಶೀಟು. ಕಾರವಾರದ ಮಳೆ ಅದರ ಮೇಲೆ ಹೊಡೆಯಲು ಶುರು ಮಾಡಿದರೆ ಲ್ಯಾಪ್‌ಟಾಪಿನ ಸ್ಪೀಕರ್ ಇದ್ದೂ ಇಲ್ಲದ ಹಾಗೆ. ಕಾಮೆಂಟರಿ ಕೇಳಲ್ಲ, ಜನರ ಕೂಗು ಕೇಳಲ್ಲ, ಸುಮ್ನೆ ಚಿತ್ರ ಓಡುತ್ತದೆ. ಹಾಗೆ ನೋಡುವಾಗ ಒಂದು ವಿಷಯ ಎದ್ದು ಕಾಣಿಸಿತು. ಕೆಲವು ಮ್ಯಾಚ್ ಸದ್ದಿಲ್ಲದೆಯೂ ಕೂರಿಸಿಕೊಳ್ಳುತ್ತವೆ. ಕೆಲವು ಅಲ್ಲೇ ಸಪ್ಪೆಯಾಗುತ್ತವೆ. ಅಂದಮೇಲೆ ಇದನ್ನೇ ಪರೀಕ್ಷೆ ಮಾಡಿಕೊಂಡರಾಯಿತು. ಒಮ್ಮೆ ಸದ್ದಿಲ್ಲದೆ, ಮಳೆ ಬಿಟ್ಟಾಗ ಸದ್ದಿನ ಜೊತೆ.

ಜೊತೆಗೆ ಕೂತವರು ಆಫೀಸಿನ ಹಿರಿಯರೊಬ್ಬರು, ಹಳಿಯಾಳದವರು. ನಾನು ಅಣ್ಣ ಅಂತ ಕರೆಯುತ್ತೇನೆ. ಹರೆಯದಲ್ಲಿ ಗರಡಿಗೆ ಹೋಗಿ ಕೆಂಪು ಮಣ್ಣು ಮೆತ್ತಿಕೊಂಡವರು. ನಮ್ಮ ಜಿಲ್ಲೆಯಲ್ಲಿ ಕುಸ್ತಿ ಅಂದರೆ ಹಳಿಯಾಳವೇ. ಕುಸ್ತಿ ಕಲಿಯುವ ಮಕ್ಕಳಿಗಾಗಿ ಅಲ್ಲಿ ಸರ್ಕಾರಿ ಕ್ರೀಡಾ ವಸತಿನಿಲಯವೂ ಇದೆ. ಅಣ್ಣನಿಗೆ ಟಿವಿ ಕುಸ್ತಿ ಅಂದರೆ ಮೊದಲಿನಿಂದ ತಾತ್ಸಾರ. ಆದರೆ ಎರಡನೇ ಸಂಜೆಗೇ ಅವರೊಂದು ಮಾತು ಹೇಳಿದರು: "ನಮ್ಮಲ್ಲಿ ಬೆನ್ನು ನೆಲಕ್ಕ ಹತ್ತಿತಂದ್ರ ಚಿತ್, ಮುಗೀತು ತಮ್ಮಾ. ಇಲ್ಲಿ ಬೆನ್ನು ಹತ್ತಿದ ಮ್ಯಾಲ ಆಟ ಶುರು ಆಗ್ತೈತಿ." ಒಂದು, ಎರಡು ಅಂತ ರೆಫರಿ ನೆಲ ಬಡಿಯುತ್ತಾನೆ. ಮೂರು ಬಡಿಯುವ ಮೊದಲು ಭುಜ ಎದ್ದರೆ ಇನ್ನೊಂದು ಉಸಿರು ಸಿಗುತ್ತದೆ. ಫಲಿತಾಂಶ ಮೊದಲೇ ನಿಗದಿಯಾಗಿರುತ್ತದೆ, ನಿಜ. ಆ ಎರಡು ಮತ್ತು ಮೂರರ ಸಂದಿಯಲ್ಲಿ ನಮ್ಮನ್ನು ನಂಬಿಸುವುದೇ ಇವರ ಕಸುಬು.

ಆ ಕಸುಬು 2009ರ ಮ್ಯಾಚಿನಲ್ಲಿ ತುತ್ತತುದಿಯಲ್ಲಿದೆ. ಏಪ್ರಿಲ್ 5, ಹ್ಯೂಸ್ಟನ್, ಕಂಪನಿಯ ವರ್ಷದ ದೊಡ್ಡ ಹಬ್ಬ ರೆಸಲ್‌ಮೇನಿಯಾ 25. ನಮ್ಮಲ್ಲಿ ಸೋಮವಾರ ಬೆಳಗಿನ ಜಾವ. ರೆಸಲ್‌ಮೇನಿಯಾದಲ್ಲಿ ಅಂಡರ್‌ಟೇಕರ್ ಅಷ್ಟರವರೆಗೆ 16 ಗೆದ್ದಿದ್ದ, ಒಂದೂ ಸೋತಿರಲಿಲ್ಲ. ಇಬ್ಬರೂ 1965ರಲ್ಲಿ ಹುಟ್ಟಿದವರು, ಅಂದರೆ ನಲವತ್ತು ದಾಟಿದ ಆಸಾಮಿಗಳು. ಶಾನ್ ಬಿಳಿ ಬಟ್ಟೆ ತೊಟ್ಟು ಬೆಳಕಿನಲ್ಲಿ ಮೇಲಿನಿಂದ ಇಳಿಯುತ್ತಾನೆ. ಅಂಡರ್‌ಟೇಕರ್ ಕಪ್ಪು ಬಟ್ಟೆಯಲ್ಲಿ ಹೊಗೆಯ ನಡುವೆ ಕೆಳಗಿನಿಂದ ಏಳುತ್ತಾನೆ. ಯಾರು ಯಾರು ಅಂತ ಕಾಮೆಂಟರಿಯವರು ಹೇಳಬೇಕಾಗೇ ಇಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದೆಯೇ ಅರ್ಧ ಆಟ ಗೆದ್ದಿರುತ್ತದಲ್ವಾ, ಈ ಎಂಟ್ರಿ ಹಾಗಿದೆ. ಒಂದೇ ವ್ಯತ್ಯಾಸ, ನಮ್ಮಲ್ಲಿ ಚಂಡೆ, ಅಲ್ಲಿ ಗಂಟೆ.

ಆಟದ ನಡುವೆ ಒಂದು ಕ್ಷಣ ಬರುತ್ತದೆ. ಶಾನ್ ರಿಂಗಿನ ಹೊರಗೆ ಇದ್ದಾನೆ. ಏಳಡಿ ಹತ್ತಿರದ ಮನುಷ್ಯ ಅಂಡರ್‌ಟೇಕರ್ ಓಡಿ ಬಂದು ಮೇಲಿನ ಹಗ್ಗ ದಾಟಿ ಅವನ ಮೇಲೆ ಹಾರುತ್ತಾನೆ. ಶಾನ್ ಪಕ್ಕದಲ್ಲಿದ್ದ ಕ್ಯಾಮೆರಾದವನನ್ನು ಎಳೆದು ಅಡ್ಡ ಹಿಡಿಯುತ್ತಾನೆ. ಅಂಡರ್‌ಟೇಕರ್ ತಲೆ ಕೆಳಗಾಗಿ ನೆಲಕ್ಕೆ ಅಪ್ಪಳಿಸುತ್ತಾನೆ. ಕುತ್ತಿಗೆ ಮಡಚಿದ್ದು ಸರಿಯಾಗಿ ಕಾಣಿಸುತ್ತದೆ. ಹೊರಗಿದ್ದವನು ರೆಫರಿ ಹತ್ತು ಎಣಿಸುವುದರೊಳಗೆ ಬರದಿದ್ದರೆ ಸೋತ ಹಾಗೆ. ಒಂಬತ್ತಕ್ಕೆ ಅಂಡರ್‌ಟೇಕರ್ ರಿಂಗಿನೊಳಗೆ ಬಂದು ಬೀಳುತ್ತಾನೆ. ಅಣ್ಣ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟರು. "ಇದು ಸುಳ್ಳಲ್ಲ, ಇದು ಬಿದ್ದದ್ದು" ಅಂದರು.

ಅದಾದ ಮೇಲೆ ಫಿನಿಷರ್‌ಗಳ, ಅಂದರೆ ಆಟ ಮುಗಿಸುವ ಪಟ್ಟುಗಳ ಸುರಿಮಳೆ. ಚೋಕ್‌ಸ್ಲಾಮ್ ಆಯಿತು, ರೆಫರಿ ಎಣಿಕೆ ಎರಡಕ್ಕೇ ನಿಂತಿತು. ಶಾನ್‌ನ ಒದೆ ಆಯಿತು, ಎರಡು. ಲಾಸ್ಟ್ ರೈಡ್, ಎರಡು. ಕೊನೆಗೆ ಟೂಮ್‌ಸ್ಟೋನ್, ಎದುರಾಳಿಯನ್ನು ತಲೆಕೆಳಗಾಗಿ ಹಿಡಿದು ನೆಲಕ್ಕೆ ಕುಕ್ಕುವ ಅಂಡರ್‌ಟೇಕರ್‌ನ ಪಟ್ಟು. ಮುಗೀತು ಅಂತ ಎಲ್ಲರಿಗೂ ಗ್ಯಾರಂಟಿ. ಆಗಲೂ ಶಾನ್ ಭುಜ ಎತ್ತುತ್ತಾನೆ. ಅಂಡರ್‌ಟೇಕರ್ ಮುಖದಲ್ಲಿ ಕಣ್ಣು ಅಗಲವಾಗಿ ತೆರೆದುಕೊಳ್ಳುವುದನ್ನು ನೋಡಬೇಕು. ವರ್ಷಗಟ್ಟಲೆ ಹೆಣದ ಹಾಗೆ ಮುಖ ಬಿಗಿದುಕೊಂಡಿದ್ದವನು ಅಲ್ಲಿ ಮನುಷ್ಯನಾಗುತ್ತಾನೆ. ಇದಕ್ಕೆ ಯಾವ ಸದ್ದೂ ಬೇಡ. ಕೊನೆಗೆ ಶಾನ್ ಹಿಮ್ಮುಖವಾಗಿ ಲಾಗ ಹಾಕಿ ಹಾರುತ್ತಾನೆ. ಅಂಡರ್‌ಟೇಕರ್ ಅವನನ್ನು ಗಾಳಿಯಲ್ಲೇ ಹಿಡಿದು ಇನ್ನೊಂದು ಟೂಮ್‌ಸ್ಟೋನ್ ಕೊಟ್ಟು ಮುಗಿಸುತ್ತಾನೆ. ಆ ರಾತ್ರಿ ಇದರ ನಂತರ ಬಂದ ಟ್ರಿಪಲ್ ಎಚ್–ರ‍್ಯಾಂಡಿ ಆರ್ಟನ್ ಮ್ಯಾಚ್ ಪಾಪ, ಊಟ ಮುಗಿದ ಪಂಕ್ತಿಗೆ ಬಡಿಸಲು ಬಂದ ಹಾಗಾಯಿತು.

2010ರದ್ದು ಬೇರೆ ಲೆಕ್ಕ. ಮಾರ್ಚ್ 28, ಅರಿಜೋನಾದ ಗ್ಲೆಂಡೇಲ್. ಈ ಸಲ ಶಾನ್ ಸೋತರೆ ಕುಸ್ತಿಯನ್ನೇ ಬಿಡಬೇಕು. ಹಿಂದಿನ ವರ್ಷದ ಸೋಲು ತಲೆಗೆ ಹತ್ತಿ, ಇನ್ನೊಂದು ಮ್ಯಾಚ್ ಕೊಡು ಅಂತ ಗೋಗರೆದು, ಕೊಡದಿದ್ದಾಗ ಅಂಡರ್‌ಟೇಕರ್‌ನ ಚಾಂಪಿಯನ್ ಬೆಲ್ಟ್ ಹೋಗುವ ಹಾಗೆ ಮಾಡಿ ತಂದುಕೊಂಡ ಮ್ಯಾಚ್ ಅದು. ಈ ಕಥೆ ಗೊತ್ತಿದ್ದರೆ ಎದೆ ಹೊಡೆದುಕೊಳ್ಳುತ್ತದೆ. ಗೊತ್ತಿಲ್ಲದವರಿಗೆ ಸದ್ದಿಲ್ಲದೆ ತೋರಿಸಿ ನೋಡಿ, ಹೋದ ವರ್ಷದ್ದನ್ನೇ ಸ್ವಲ್ಪ ನಿಧಾನವಾಗಿ ಮಾಡಿದ ಹಾಗೆ ಕಾಣುತ್ತದೆ. ಟೇಬಲ್ ಮೇಲೆ ಮಲಗಿದ್ದ ಅಂಡರ್‌ಟೇಕರ್ ಮೇಲೆ ಶಾನ್ ಮೇಲಿನ ಹಗ್ಗದಿಂದ ಲಾಗ ಹಾಕಿ ಬೀಳುವುದೊಂದು ಬಿಟ್ಟರೆ ಮೊದಲ ಇಪ್ಪತ್ತು ನಿಮಿಷದಲ್ಲಿ ನನಗೆ ಹೊಸದೇನೂ ಸಿಗಲಿಲ್ಲ.

ಆದರೆ ಕೊನೆಯ ಎರಡು ನಿಮಿಷ! ಅಂಡರ್‌ಟೇಕರ್ ಹೊಡೆಯಲು ಹಿಂಜರಿಯುತ್ತಾನೆ. ಏಳಬೇಡ, ಅಲ್ಲೇ ಇರು ಅಂತಾನೆ. ಶಾನ್ ಅವನ ಮೈ ಹಿಡಿದುಕೊಂಡೇ ಏಳುತ್ತಾನೆ. ಅಂಡರ್‌ಟೇಕರ್‌ನದೇ ಕತ್ತು ಸೀಳುವ ಸನ್ನೆಯನ್ನು ಅವನಿಗೇ ತೋರಿಸಿ ಕೆನ್ನೆಗೆ ಬಾರಿಸುತ್ತಾನೆ. ತಕ್ಷಣ ಬಂದದ್ದು ಬರೀ ಟೂಮ್‌ಸ್ಟೋನ್ ಅಲ್ಲ, ಎತ್ತಿಕೊಂಡು ಜಿಗಿದು ಕುಕ್ಕಿದ ಟೂಮ್‌ಸ್ಟೋನ್. ಈ ಎರಡು ನಿಮಿಷವನ್ನು ಮಾತ್ರ ತೂಗಿದರೆ 2009 ಇದರ ಮುಂದೆ ನಿಲ್ಲುವುದಿಲ್ಲ. ಇಡೀ ಮ್ಯಾಚ್ ತೂಗಿದರೆ ನನ್ನ ಓಟು 2009ಕ್ಕೇ. ಶಾನ್ 2018ರಲ್ಲಿ ರಿಯಾದ್‌ನಲ್ಲಿ ಮತ್ತೆ ರಿಂಗಿಗೆ ಇಳಿದದ್ದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅಭಿಮಾನಿಗಳಿಗೆ ಅಷ್ಟು ಹಕ್ಕು ಇದೆ.

ಇಷ್ಟೆಲ್ಲ ಆದರೂ ನನ್ನ ಪಟ್ಟಿಯಲ್ಲಿ ಮೊದಲಿರುವುದು ಇವೆರಡೂ ಅಲ್ಲ. 1997ರ ಮಾರ್ಚ್ 23, ರೆಸಲ್‌ಮೇನಿಯಾ 13, ಬ್ರೆಟ್ ಹಾರ್ಟ್ ಮತ್ತು ಸ್ಟೀವ್ ಆಸ್ಟಿನ್. ಇಲ್ಲಿ ಬೆನ್ನು ಹತ್ತಿಸುವ ಮಾತೇ ಇಲ್ಲ. ಎದುರಾಳಿ ತಾನೇ ಸೋತೆ ಅನ್ನಬೇಕು. ಬ್ರೆಟ್ ಒಳ್ಳೆಯವ, ಆಸ್ಟಿನ್ ಪುಂಡ, ಹಾಗಂತ ಆಟ ಶುರುವಾಗುತ್ತದೆ. ಜನರ ನಡುವೆ ನುಗ್ಗಿ ಹೊಡೆದಾಡುತ್ತಾರೆ, ಕುರ್ಚಿ ಬರುತ್ತದೆ, ಗಂಟೆ ಬರುತ್ತದೆ, ವೈರಿನಿಂದ ಕತ್ತು ಬಿಗಿಯುವುದೂ ಆಗುತ್ತದೆ. ಆಸ್ಟಿನ್ ಹಣೆ ಒಡೆದು ಮುಖವೆಲ್ಲ ರಕ್ತ. ಬ್ರೆಟ್ ಅವನಿಗೆ ಶಾರ್ಪ್‌ಶೂಟರ್ ಹಾಕುತ್ತಾನೆ. ಎದುರಾಳಿಯ ಎರಡೂ ಕಾಲನ್ನು ತನ್ನ ಒಂದು ಕಾಲಿಗೆ ಹೆಣೆದು, ಅವನನ್ನು ಬೋರಲು ತಿರುಗಿಸಿ, ಮೇಲೆ ಕೂತು ಹಿಂದಕ್ಕೆ ವಾಲುವ ಪಟ್ಟು. ಸೊಂಟದಲ್ಲಿ ಬೆನ್ನುಮೂಳೆ ಬಿಲ್ಲಿನಂತೆ ಬಾಗುತ್ತದೆ. ಅಣ್ಣ ಮುಂದಕ್ಕೆ ಬಾಗಿ ಕೂತು, ವಿಡಿಯೋ ಹಿಂದಕ್ಕೆ ಹಾಕಿಸಿ, ಕಾಲು ಹೆಣೆಯುವುದನ್ನು ಇನ್ನೊಮ್ಮೆ ನೋಡಿದರು. "ಹಿಡಿತ ಖರೇ ಐತಿ. ಕುಂಡ್ರೂದು ಸ್ವಲ್ಪ ಹಗೂರ ಕುಂತಾನ, ಅಷ್ಟ."

ಆಸ್ಟಿನ್ ಕೈ ಊರಿ ಮೇಲೇಳಲು ನೋಡುತ್ತಾನೆ. ಹಣೆಯ ರಕ್ತ ಹಲ್ಲಿನ ಸಂದಿಗೆ ಇಳಿದಿದೆ. ಬಾಯಿ ತೆರೆದು ಕಿರುಚುತ್ತಾನೆ, ಸೋತೆ ಅನ್ನುವುದಿಲ್ಲ. ಒಮ್ಮೆ ಪಟ್ಟು ಬಿಟ್ಟೇ ಹೋಯಿತು ಅನ್ನಿಸುತ್ತದೆ, ಬ್ರೆಟ್ ಮತ್ತೆ ಬಿಗಿಯುತ್ತಾನೆ. ಕೊನೆಗೆ ಆಸ್ಟಿನ್ ಅಲ್ಲೇ ಎಚ್ಚರ ತಪ್ಪಿ ಬೀಳುತ್ತಾನೆ. ರೆಫರಿ ಕೆನ್ ಶಾಮ್‌ರಾಕ್ ಆಟ ನಿಲ್ಲಿಸುತ್ತಾನೆ. ಗೆದ್ದ ಬ್ರೆಟ್ ಸುಮ್ಮನಿರದೆ ಬಿದ್ದವನ ಕಾಲಿಗೆ ಮತ್ತೆ ಹೊಡೆಯುತ್ತಾನೆ. ಜನ ಅವನಿಗೇ ಬೈಯಲು ಶುರು ಮಾಡುತ್ತಾರೆ. ಆಸ್ಟಿನ್ ಮಾತ್ರ ಯಾರ ಕೈಯನ್ನೂ ಹಿಡಿಯದೆ ಕುಂಟುತ್ತ ಒಳಗೆ ಹೋಗುತ್ತಾನೆ. ಬಂದಾಗ ಪುಂಡನಾಗಿದ್ದವನು ಹೋಗುವಾಗ ಹೀರೋ. ಒಂದೇ ಮ್ಯಾಚಿನಲ್ಲಿ ಇಬ್ಬರ ಪಾತ್ರವೂ ಅದಲು ಬದಲು.

ಇದನ್ನು ಸಿರಸಿಗೆ ಹೋದಾಗ ಅಮ್ಮಮ್ಮನಿಗೆ ತೋರಿಸಿದೆ. ಅವಳಿಗೆ ಬ್ರೆಟ್ ಯಾರು, ಆಸ್ಟಿನ್ ಯಾರು ಒಂದೂ ಗೊತ್ತಿಲ್ಲ. ಕಿವಿಯೂ ಅಷ್ಟಕ್ಕಷ್ಟೆ, ಅಂದರೆ ಪರೀಕ್ಷೆಗೆ ಹೇಳಿ ಮಾಡಿಸಿದ ಪ್ರೇಕ್ಷಕಿ. ಅಡಿಕೆ ಕತ್ತರಿಸುತ್ತ ಅರೆಮನಸ್ಸಿನಲ್ಲಿ ನೋಡುತ್ತಿದ್ದಳು. ಶಾರ್ಪ್‌ಶೂಟರ್ ಬರುವ ಹೊತ್ತಿಗೆ ಅಡಕತ್ತರಿ ನಿಂತಿತ್ತು. "ತಮಾ, ಸಾಕು ಬಿಡು ಹೇಳಾ ಅವಂಗೆ" ಅಂದಳು. ಯಾರಿಗೆ ಅಂತ ಕೇಳಿದೆ. ಮೇಲೆ ಕೂತವನಿಗಂತೆ. ಶಿಕಾಗೋ ಹತ್ತಿರದ ಆ ಹಾಲಿನಲ್ಲಿ ಸಾವಿರಾರು ಜನ ಬದಲಿಸಿದ ಪಾರ್ಟಿಯನ್ನು ಅಮ್ಮಮ್ಮ ಜಗಲಿಯಲ್ಲಿ ಕೂತು ತಾನಾಗಿಯೇ ಬದಲಿಸಿದ್ದಳು. 2009ರದ್ದನ್ನೂ ತೋರಿಸಿದೆ. ಎಂಟ್ರಿ ಮೆಚ್ಚಿದಳು, ನಡುವೆ ಎದ್ದು ಒಲೆ ನೋಡಲು ಹೋದಳು.

ಅಂಡರ್‌ಟೇಕರ್–ಮ್ಯಾನ್‌ಕೈಂಡ್ ಕೇಜ್ ಮ್ಯಾಚ್ ಇಲ್ಲದೆ ಇಂಥ ಹೋಲಿಕೆ ಮುಗಿಯಲ್ಲ. 1998ರ ಜೂನ್ 28, ಪಿಟ್ಸ್‌ಬರ್ಗ್. ಹದಿನಾರು ಅಡಿ ಎತ್ತರದ ಪಂಜರದ ಮೇಲಿನಿಂದ ಮ್ಯಾನ್‌ಕೈಂಡ್ ವೇಷದ ಮಿಕ್ ಫೋಲಿ ಟೇಬಲ್ ಮೇಲೆ ಬಿದ್ದ. ಸ್ಟ್ರೆಚರ್ ಮೇಲೆ ಹೊತ್ತೊಯ್ಯುವಾಗ ಎದ್ದು ಮತ್ತೆ ಹತ್ತಿದ. ಈ ಸಲ ಚಾವಣಿಯ ಜಾಲರಿಯೇ ಕಿತ್ತು ಒಳಗೆ ಬಿದ್ದ. ಹಲ್ಲು ಮುರಿಯಿತು. ಇಷ್ಟಾದ ಮೇಲೂ ನಾನು ಇದನ್ನು ಕೆಳಗೆ ಇಡುತ್ತೇನೆ. ಕಾಮೆಂಟರಿಯ ಜಿಮ್ ರಾಸ್ ಕೂಗಾಟ ತೆಗೆದುಬಿಟ್ಟರೆ ಉಳಿಯುವುದು ಎರಡು ಬೀಳು ಮತ್ತು ನಡುವೆ ಜನ ಗಾಬರಿಯಿಂದ ಓಡಾಡುವುದು. ಅದು ಅಪಘಾತ ನೋಡಿದ ಹಾಗೆ. ಎರಡನೇ ಸಲ ನೋಡುವ ಮನಸ್ಸಾಗಲ್ಲ, ನೋಡಲೂ ಇಲ್ಲ.

ರಾಕ್–ಹೋಗನ್ ತದ್ವಿರುದ್ಧ. 2002ರ ಮಾರ್ಚ್ 17, ಟೊರಾಂಟೊ. ಸದ್ದಿಲ್ಲದೆ ನೋಡಿದರೆ ಇಷ್ಟೊಂದು ಹೆಸರು ಯಾಕೆ ಬಂತು ಅನ್ನಿಸುತ್ತದೆ. ಹೋಗನ್‌ಗೆ ಆಗ 48. ನಾಲ್ಕು ಹೊಡೆತ, ಒಂದು ಕಾಲಿನ ಕುಕ್ಕು, ಅಷ್ಟೇ ಸರಕು. ಸದ್ದು ಹಾಕಿ, ಕೂದಲು ನೆಟ್ಟಗಾಗುತ್ತದೆ. ಖಳನಾಗಿ ಬಂದ ಹೋಗನ್‌ಗೆ ಇಡೀ ಸ್ಟೇಡಿಯಂ ಜೈ ಅನ್ನುತ್ತದೆ, ಹೀರೋ ರಾಕ್‌ಗೆ ಬೈಯುತ್ತದೆ. ಇಬ್ಬರೂ ಅಲ್ಲಲ್ಲೇ ಆಟ ತಿರುಗಿಸಿಕೊಳ್ಳುತ್ತಾರೆ. ಸೀನಾ–ಸಿಎಂ ಪಂಕ್, 2011ರ ಶಿಕಾಗೋ ಹತ್ತಿರದ್ದು, ಅದೂ ಇದೇ ಜಾತಿ. ಮಳೆಗಾಲದಲ್ಲಿ ಇವೆರಡನ್ನು ನೋಡಬೇಡಿ, ಅಥವಾ ಹೆಡ್‌ಫೋನ್ ಇಟ್ಟುಕೊಳ್ಳಿ.

ನಮ್ಮ ಖಲಿ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. 2006ರಲ್ಲಿ ಬಂದ ಹೊಸತರಲ್ಲೇ ಅಂಡರ್‌ಟೇಕರ್‌ಗೆ ಮಣ್ಣು ಮುಕ್ಕಿಸಿದ, 2007ರಲ್ಲಿ ಚಾಂಪಿಯನ್ ಆದ. ಆಗ ನಾವು ಕುಣಿದದ್ದು ಕಮ್ಮಿ ಏನಲ್ಲ, ಟ್ರಂಪ್ ಕಾರ್ಡಿನಲ್ಲಿ ಎತ್ತರ ಕೇಳಿದರೆ ಖಲಿ ಕಾರ್ಡ್ ಇದ್ದವನೇ ರಾಜ. ಆದರೆ ಮ್ಯಾಚ್? ಸದ್ದು ಇದ್ದರೂ ಇಲ್ಲದಿದ್ದರೂ ಒಂದೇ.

ಅಣ್ಣನ ತೀರ್ಪು ನನ್ನದಕ್ಕೆ ಹೊಂದುವುದಿಲ್ಲ. ಅವರ ಪ್ರಕಾರ ಎಲ್ಲಕ್ಕಿಂತ ಮೇಲಿನದು ಕರ್ಟ್ ಆ್ಯಂಗಲ್–ಶಾನ್ ಮೈಕೆಲ್ಸ್, 2005ರ ರೆಸಲ್‌ಮೇನಿಯಾ 21. ಆ್ಯಂಗಲ್ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಕುಸ್ತಿಗೆ ಚಿನ್ನ ಗೆದ್ದವನು ಅಂತ ನಾನು ಹೇಳುವ ಮೊದಲೇ ಅಣ್ಣ ಅವನ ಕಾಲಿನ ಚಲನೆ ನೋಡಿ "ಇಂವ ಮಟ್ಟಿ ಮ್ಯಾಲ ಬೆಳದಾವ" ಅಂದುಬಿಟ್ಟರು. ಆ ಮ್ಯಾಚಿನಲ್ಲಿ ಆ್ಯಂಗಲ್ ಪಾದ ತಿರುಚಿ ಹಿಡಿದು ಬಿಡುವುದೇ ಇಲ್ಲ. ಶಾನ್ ತಡೆಯುವಷ್ಟು ತಡೆದು ಕೊನೆಗೆ ಕೈ ಬಡಿದು ಸೋಲು ಒಪ್ಪುತ್ತಾನೆ. ಆಸ್ಟಿನ್ ಒಪ್ಪಲಿಲ್ಲ, ಶಾನ್ ಒಪ್ಪಿದ, ಹಾಗಾಗಿ ಆಸ್ಟಿನ್‌ದೇ ದೊಡ್ಡದು ಅಂತ ನನ್ನ ವಾದ. "ಕಾಲು ಮುರಿಸ್ಕೊಂಡು ಮನೀಗೆ ಹೋದ್ರ ಮುಂದಿನ ಜಾತ್ರಿಗೆ ಯಾರು ಆಡಾವ್ರು ತಮ್ಮಾ?" ಅಂತ ಅವರದು. ಆ್ಯಂಗಲ್‌ನ ಹಳೆಯ ಮ್ಯಾಚುಗಳ ಪಟ್ಟಿಯನ್ನು ಈಗ ಅವರೇ ಮಾಡುತ್ತಿದ್ದಾರೆ.