ಆಂಶಿಕ ಆಸವನದ ಸೆಟ್: ಗಾಜು ಉತ್ತಮ, ಥರ್ಮಾಮೀಟರ್ ಮಾತ್ರ ಬದಲಿಸಲೇಬೇಕು

ನಮ್ಮ ಪದವಿಪೂರ್ವ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ಬೆಳಗಾವಿಯ ಅಂಗಡಿಯೊಂದರಿಂದ ಆಂಶಿಕ ಆಸವನದ, ಅಂದರೆ ದ್ರವಗಳ ಮಿಶ್ರಣವನ್ನು ಕುದಿಸಿ ಅವುಗಳ ಕುದಿಬಿಂದುವಿನ ವ್ಯತ್ಯಾಸದಿಂದ ಬೇರ್ಪಡಿಸುವ, ಸೆಟ್ ತರಿಸಿದ್ದೇವೆ. ಬೋರೋಸಿಲಿಕೇಟ್ ಗಾಜಿನ ದುಂಡು ತಳದ ಫ್ಲಾಸ್ಕ್, ಒಳಮೈಗೆ ಮುಳ್ಳಿನಂತೆ ಚಾಚಿದ ಅಂಚುಗಳುಳ್ಳ ವಿಗ್ರೋ ಕಾಲಮ್ ಎಂಬ ಕೊಳವೆ, ಆವಿಯನ್ನು ತಣಿಸಿ ದ್ರವವಾಗಿಸುವ ಲೀಬಿಗ್ ಕಂಡೆನ್ಸರ್ ಮತ್ತು ಥರ್ಮಾಮೀಟರ್ ಇದರಲ್ಲಿವೆ. ಜಾಯಿಂಟುಗಳು ಎಲ್ಲಿಯೂ ಸೋರದಂತೆ ಬಿಗಿಯಾಗಿ ಕೂರುತ್ತವೆ.

ಕೊಟ್ಟ ಹಣ ಸಾರ್ಥಕವಾಗುವುದು ಕಾಲಮ್ಮಿನಿಂದ. ಅಸಿಟೋನ್ ಮತ್ತು ನೀರಿನ ಮಿಶ್ರಣವನ್ನು ಕಾಲಮ್ ಇಲ್ಲದೆ ಕಾಯಿಸಿದಾಗ ಉಷ್ಣತೆ ಎಲ್ಲಿಯೂ ನಿಲ್ಲದೆ ಏರುತ್ತಲೇ ಹೋಯಿತು. ಕಾಲಮ್ ಜೋಡಿಸಿ ಹೀಟಿಂಗ್ ಮ್ಯಾಂಟಲ್‌ನ ಶಾಖವನ್ನು ತಗ್ಗಿಸಿದಾಗ ಅದು 54 ಡಿಗ್ರಿಯ ಆಸುಪಾಸಿನಲ್ಲಿ ಬಹಳ ಹೊತ್ತು ನಿಂತು, ಅಸಿಟೋನ್ ಮುಗಿಯುತ್ತಿದ್ದಂತೆ ಹನಿ ಬೀಳುವುದು ನಿಂತು, ಆಮೇಲೆ ಒಮ್ಮೆಲೇ ನೀರಿನ ಕುದಿಬಿಂದುವಿನತ್ತ ಏರಿತು. ಅಸಿಟೋನಿನ ಕುದಿಬಿಂದುವೆಂದು ಪುಸ್ತಕದಲ್ಲಿರುವ 56 ಡಿಗ್ರಿ ಇಲ್ಲೇಕೆ ಬರಲಿಲ್ಲವೆಂದು ವಿದ್ಯಾರ್ಥಿಗಳು ಕೇಳಿದ್ದು ನನಗೆ ಬಹಳ ಸಂತೋಷ ಕೊಟ್ಟಿತು. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವುದರಿಂದ ವಾಯುಭಾರ ಕಡಿಮೆ, ಹೀಗಾಗಿ ಇಲ್ಲಿ ನೀರು ಸಹ 97.5 ಡಿಗ್ರಿಯ ಹತ್ತಿರವೇ ಕುದಿಯುತ್ತದೆ.

54 ಡಿಗ್ರಿಯ ಈ ಅಳತೆ ನಮ್ಮ ಹಳೆಯ ಥರ್ಮಾಮೀಟರಿನದು. ಸೆಟ್ಟಿನೊಡನೆ ಬಂದದ್ದು ಕುದಿಯುವ ನೀರಿನ ಹಬೆಯಲ್ಲಿ ಸರಿಯಾಗಿ 100 ತೋರಿಸಿತು. ಈ ಊರಿನಲ್ಲಿ ಅದೇ ಅದರ ದೋಷ. ಕರಗುವ ಮಂಜುಗಡ್ಡೆಯಲ್ಲಿಯೂ ಎರಡು ಡಿಗ್ರಿ ಹೆಚ್ಚು ತೋರಿಸಿತು. ದ್ರವದ ಶುದ್ಧತೆಯನ್ನು ಕುದಿಬಿಂದುವಿನಿಂದ ನಿರ್ಣಯಿಸುವ ಪ್ರಯೋಗದಲ್ಲಿ ಇದು ಸಣ್ಣ ತಪ್ಪಲ್ಲ. ಅಂಗಡಿಯವರು ಬದಲಿಸಿಕೊಡಲು ಒಪ್ಪಲಿಲ್ಲ.

ಜೊತೆಗಿದ್ದ ಕರಪತ್ರದಲ್ಲಿ ಆಲ್ಕೋಹಾಲನ್ನು (ಎಥನಾಲ್) ನೀರಿನಿಂದ ಪೂರ್ತಿ ಬೇರ್ಪಡಿಸಬಹುದೆಂದು ಬರೆದಿರುವುದನ್ನೂ ನಂಬಬಾರದು. ತೂಕದಲ್ಲಿ ಶೇಕಡಾ 95.6ರಷ್ಟು ಎಥನಾಲ್ ಇರುವ ಮಿಶ್ರಣ ಒಂದೇ ದ್ರವದಂತೆ ಕುದಿಯುತ್ತದೆ. ಸಾಮಾನ್ಯ ವಾಯುಭಾರದಲ್ಲಿ ಎಷ್ಟು ಉದ್ದದ ಕಾಲಮ್ ಇಟ್ಟರೂ ಅದನ್ನು ದಾಟಲಾಗದು. ಕುದಿಬಿಂದು ಸ್ಥಿರವಾಗಿದೆ ಎಂದ ಮಾತ್ರಕ್ಕೆ ದ್ರವ ಶುದ್ಧವೆನ್ನುವಂತಿಲ್ಲ ಎಂಬುದಕ್ಕೆ ಇದೇ ಉದಾಹರಣೆ. ಆ ದ್ರವಕ್ಕೆ ಬಿಳಿಯ ನಿರ್ಜಲ ಕಾಪರ್ ಸಲ್ಫೇಟ್ ಪುಡಿ ಹಾಕಿದರೆ ನೀಲಿಗೆ ತಿರುಗಿ, ಉಳಿದ ನೀರನ್ನು ತೋರಿಸಿಕೊಡುತ್ತದೆ.

ಬೇಸಿಗೆಯಲ್ಲಿ ನಳದ ನೀರನ್ನು ಕಂಡೆನ್ಸರಿಗೆ ಸುಮ್ಮನೆ ಹರಿಯಬಿಡಲು ಮನಸ್ಸು ಒಪ್ಪುವುದಿಲ್ಲ. ಬಕೆಟ್ಟಿನಲ್ಲಿ ಕೂಲರಿನ ಸಣ್ಣ ಪಂಪ್ ಇಟ್ಟು, ಕೆಳಗಿನ ತುದಿಯಿಂದ ನೀರು ಒಳಹೋಗುವಂತೆ ಪೈಪ್ ಜೋಡಿಸಿದರೆ ಅದೇ ನೀರು ತಿರುಗುತ್ತಿರುತ್ತದೆ. ಕೊಳ್ಳುವವರು ಗಾಜಿನ ಭಾಗಗಳನ್ನಷ್ಟೇ ಬಿಡಿಯಾಗಿ ಕೇಳಿ ಪಡೆದು, ಥರ್ಮಾಮೀಟರನ್ನು ಬೇರೆಡೆ ಪರೀಕ್ಷಿಸಿ ತರುವುದು ಲೇಸು.