ಬಳ್ಳಾರಿ ಬಿಸಿಲಲ್ಲಿ ಓವರ್‌ಕ್ಲಾಕ್: ಟವರ್ ಕೂಲರ್, ಲಿಕ್ವಿಡ್ ಕೂಲರ್, ವೋಲ್ಟೇಜ್ ಇಳಿಸೋದು, ಮೂರನ್ನೂ ಮಾಡಿ ನೋಡಿದೆ

ಓವರ್‌ಕ್ಲಾಕ್ ಅಂದರೆ ಪ್ರೊಸೆಸರನ್ನು ಅದರ ಮಾಮೂಲಿ ವೇಗಕ್ಕಿಂತ ಜೋರಾಗಿ ಓಡಿಸೋದು. ಆಗ ಪ್ರೊಸೆಸರ್ ಬಿಸಿಯಾಗುತ್ತಿದೆ ಅಂತ ಹೊಸ ಕೂಲರ್‌ಗೆ ದುಡ್ಡು ಹಾಕುವ ಮೊದಲು ಬಯೋಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟ) ಹೋಗಿ ವೋಲ್ಟೇಜ್ ಎಷ್ಟಿದೆ ನೋಡಿ. ನಾನು ಈ ಕೆಲಸವನ್ನು ಕೊನೆಗೆ ಮಾಡಿದೆ. ಮೊದಲೇ ಮಾಡಬೇಕಿತ್ತು.

ನನ್ನದು 2019ರಲ್ಲಿ ಬಂದ, ಎಎಂಡಿ ಕಂಪನಿಯ ರೈಜೆನ್ 5 3600 ಪ್ರೊಸೆಸರ್, ನಾನೇ ಕೂತು ಜೋಡಿಸಿದ ಕಂಪ್ಯೂಟರ್. ರೂಮು ಮೇಲಿನ ಮಹಡಿಯಲ್ಲಿದೆ, ತಲೆ ಮೇಲೆ ಬರೀ ಆರ್‌ಸಿಸಿ. ಏಪ್ರಿಲ್-ಮೇ ಬಂತೆಂದರೆ ಬಳ್ಳಾರಿಯಲ್ಲಿ 40 ಡಿಗ್ರಿ ಮುಟ್ಟುವುದು ಹೊಸದೇನಲ್ಲ, ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಹತ್ತಾದರೂ ಬಿಸಿ ಬಿಡುತ್ತಲೇ ಇರುತ್ತದೆ. ಅಂಥ ರೂಮಿನಲ್ಲಿ ಪ್ರೊಸೆಸರ್‌ನ ಆರೂ ಕೋರ್‌ಗಳನ್ನು (ಲೆಕ್ಕ ಮಾಡುವ ಭಾಗಗಳು) 4.2 ಗಿಗಾಹರ್ಟ್ಸ್‌ಗೆ ಲಾಕ್ ಮಾಡಿ, ವೋಲ್ಟೇಜನ್ನು ಆಟೋದಲ್ಲೇ ಬಿಟ್ಟು, ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಟ್ಟು ಸ್ಕೋರ್ ಹೇಳುವ ಸಿನೆಬೆಂಚ್ ಟೆಸ್ಟ್ ಓಡಿಸಿದೆ. ನಾಲ್ಕೇ ನಿಮಿಷಕ್ಕೆ ಪ್ರೊಸೆಸರ್ 95 ಡಿಗ್ರಿ. ಈ ಚಿಪ್‌ಗೆ ಎಎಂಡಿ ಹೇಳಿರುವ ಮಿತಿಯೇ ಅದು. ಟೆಸ್ಟ್ ನಿಲ್ಲಿಸಿದೆ. ಫ್ಯಾನ್ ಸದ್ದು ಕೇಳಿ ಅವ್ವ ಕೆಳಗಿಂದಲೇ ಕೂಗಿದಳು, "ಏನೋ ಅದು, ಗಿರಣಿ ಹಾಕಿದಂಗ ಆತಲ್ಲೋ!"

ಹೋಲಿಸಬೇಕು ಅಂದರೆ ಅಳತೆ ಒಂದೇ ಇರಬೇಕು ಅಲ್ವಾ? ಅದಕ್ಕೆ ಗೋಡೆ ಥರ್ಮಾಮೀಟರ್ 36 ತೋರಿಸುವ ಹೊತ್ತಲ್ಲೇ ಪ್ರತಿ ಸಲ ಟೆಸ್ಟ್ ಮಾಡಿದೆ, ಪ್ರತಿ ಸಲ ಅರ್ಧ ಗಂಟೆ. ಕೂಲರ್ ಯಾವುದೇ ಇರಲಿ, ರೂಮಿನ ಗಾಳಿಗಿಂತ ತಣ್ಣಗೆ ಮಾಡಲಾರದು. 24 ಡಿಗ್ರಿ ಏಸಿ ರೂಮಿನಲ್ಲಿ ತೆಗೆದ ಲೆಕ್ಕಕ್ಕೆ ನಮ್ಮ ಕಡೆ ಇನ್ನೂ 12 ಡಿಗ್ರಿ ಸೇರಿಸಿಯೇ ಓದಬೇಕು.

ಮೊದಲು ಬಿಚ್ಚಿ ನೋಡಿದೆ. ಚಿಪ್ ಜೊತೆ ಬಂದ ಕೂಲರ್‌ನ ಫ್ಯಾನ್ ತೆಗೆದರೆ ಅದರ ಕೆಳಗೆ, ಅಲ್ಯೂಮಿನಿಯಂ ಹಲ್ಲುಗಳ ಮೇಲೆ, ಹಳೇ ಕಂಬಳಿಯ ತುಂಡು ಒತ್ತಿಟ್ಟ ಹಾಗೆ ಕೆಂಧೂಳು ಕೂತಿತ್ತು. ಉಗುರಿನಿಂದ ಎತ್ತಿದರೆ ಚಕ್ಕೆಯಾಗಿ ಎದ್ದು ಬಂತು. ನಮ್ಮ ಊರಿನ ಧೂಳು ಗೊತ್ತಲ್ಲ, ಕಿಟಕಿ ಮುಚ್ಚಿದರೂ ಒಳಗೇ ಇರುತ್ತದೆ. ಪೇಂಟ್ ಬ್ರಶ್‌ನಿಂದ ಉಜ್ಜಿ ತೆಗೆದೆ. ಆ ಹಲ್ಲುಗಳ ತುಂಡು, ಅಂದರೆ ಹೀಟ್‌ಸಿಂಕ್, ಎತ್ತುವಾಗ ಮಾತ್ರ ಎದೆ ಧಸಕ್ ಅಂತು: ಪ್ರೊಸೆಸರೂ ಅದಕ್ಕೇ ಅಂಟಿಕೊಂಡು ಸಾಕೆಟ್‌ನಿಂದ ಕಿತ್ತು ಬಂತು. ಎಎಂ4 ಅನ್ನೋ ಈ ಸಾಕೆಟ್‌ನ ಚಿಪ್‌ಗಳಲ್ಲಿ ಪಿನ್ನುಗಳಿರುವುದು ಪ್ರೊಸೆಸರ್‌ನಲ್ಲೇ, 1331 ಪಿನ್ನು. ಪುಣ್ಯಕ್ಕೆ ಒಂದೂ ಬಾಗಿರಲಿಲ್ಲ. ನೀವು ಬಿಚ್ಚುವಾಗ ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ಮೆಲ್ಲಗೆ ಆಚೆ-ಈಚೆ ತಿರುಗಿಸಿ, ಕೂಲರ್ ಮತ್ತು ಪ್ರೊಸೆಸರ್ ನಡುವೆ ಬಿಸಿ ದಾಟಿಸಲು ಹಚ್ಚಿರುವ ಪೇಸ್ಟ್ ಬಿಡಿಸಿಕೊಂಡು ಆಮೇಲೆ ಎತ್ತಿ. ನೇರ ಎಳೆಯಬೇಡಿ.

ಧೂಳು ತೆಗೆದು ಹೊಸ ಪೇಸ್ಟ್ ಹಾಕಿದ ಮೇಲೆ 91. ಪರವಾಗಿಲ್ಲ, ಆದರೆ ಸಾಲದು.

ಆಮೇಲೆ ಸುಮಾರು ಎರಡೂವರೆ ಸಾವಿರಕ್ಕೆ ಬಿಸಿ ಮೇಲಕ್ಕೆ ಒಯ್ಯುವ ನಾಲ್ಕು ಹೀಟ್‌ಪೈಪ್ ಇರುವ, 120 ಎಂಎಂ ಫ್ಯಾನ್‌ನ ಟವರ್ ಕೂಲರ್ ತಂದೆ. ಸದ್ದು ಅರ್ಧಕ್ಕರ್ಧ ಇಳಿಯಿತು. ಅರ್ಧ ಗಂಟೆ ಆದಾಗ 81. ಗಂಗಾವತಿಯ ಗೆಳೆಯ ತನ್ನ 240 ಎಂಎಂ ಲಿಕ್ವಿಡ್ ಕೂಲರನ್ನು (ಪಂಪ್ ನೀರು ಹರಿಸಿ ಬಿಸಿಯನ್ನು ರೇಡಿಯೇಟರ್‌ಗೆ ಒಯ್ಯುವಂಥದ್ದು) ಒಂದು ವಾರಕ್ಕೆ ಕೊಟ್ಟ, ಅದನ್ನೂ ಕೂರಿಸಿದೆ. ಹತ್ತು ನಿಮಿಷಕ್ಕೆ 74 ನೋಡಿ ಖುಷಿಯಾಯಿತು. ಆದರೆ ನೀರು ಕಾಯಲು ಹೊತ್ತು ಬೇಕು, ಅರ್ಧ ಗಂಟೆಗೆ 77ಕ್ಕೆ ಬಂದು ನಿಂತಿತು. ಬೆಲೆ ಟವರ್‌ಗಿಂತ ಎರಡು ಪಟ್ಟಿಗೂ ಜಾಸ್ತಿ, ಸಿಕ್ಕಿದ್ದು ನಾಲ್ಕು ಡಿಗ್ರಿ.

ಯಾಕೆ ಇಷ್ಟೇ ಅಂದರೆ, 3600ರಲ್ಲಿ ಆರೂ ಕೋರ್ ಕೂತಿರುವುದು ಸುಮಾರು 74 ಚದರ ಮಿಲಿಮೀಟರ್‌ನ ಒಂದೇ ಸಿಲಿಕಾನ್ ಚಿಪ್ಪಿನಲ್ಲಿ. ಕಿರುಬೆರಳಿನ ಉಗುರಿನಷ್ಟು ಜಾಗ. ಅದೂ ಪ್ರೊಸೆಸರ್‌ನ ಲೋಹದ ಮುಚ್ಚಳದ ನಡುವೆ ಇಲ್ಲ, ಒಂದು ಪಕ್ಕಕ್ಕಿದೆ. ಅಷ್ಟು ಚಿಕ್ಕ ಜಾಗದಿಂದ ಬಿಸಿ ಹೊರಗೆ ಬರುವುದೇ ಕಷ್ಟ. ಮೇಲೆ ಎಷ್ಟು ದೊಡ್ಡ ರೇಡಿಯೇಟರ್ ಇಟ್ಟರೂ ಬಾಗಿಲು ಚಿಕ್ಕದೇ.

ಕೊನೆಗೆ ವೋಲ್ಟೇಜ್. ಆಟೋದಲ್ಲಿ ಮದರ್‌ಬೋರ್ಡ್ ತಾನೇ 1.4 ವೋಲ್ಟ್ ಕೊಡುತ್ತಿತ್ತು. ಬಿಡದೆ ಕೆಲಸ ಮಾಡುವ ಆರು ಕೋರ್‌ಗೆ ಅದು ಜಾಸ್ತಿ, ಚಿಪ್‌ನ ಆಯಸ್ಸಿಗೂ ಒಳ್ಳೆಯದಲ್ಲ. 0.025ರಂತೆ ಇಳಿಸುತ್ತಾ ಹೋದೆ. 1.225ಕ್ಕೆ ಇಪ್ಪತ್ತು ನಿಮಿಷದಲ್ಲಿ ನೀಲಿ ಸ್ಕ್ರೀನ್ ಬಂತು. 1.25ಕ್ಕೆ ರಾತ್ರಿಯಿಡೀ ಓಡಿಸಿದರೂ ಏನೂ ಆಗಲಿಲ್ಲ. ಅದೇ 4.2, ಅದೇ ಸ್ಕೋರ್. ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ, ಹಾಗಾಗಿ 1.4ರಿಂದ 1.25ಕ್ಕೆ ಬಂದರೆ ಹೆಚ್ಚುಕಮ್ಮಿ ಐದರಲ್ಲಿ ಒಂದು ಪಾಲು ಬಿಸಿ ಹುಟ್ಟುವುದೇ ಇಲ್ಲ. ಲಿಕ್ವಿಡ್ ಕೂಲರ್‌ನಲ್ಲಿ 69, ಟವರ್‌ನಲ್ಲಿ 72. ಚಿಪ್ ಜೊತೆ ಬಂದ ಆ ಹಳೇ ಕೂಲರನ್ನೇ ಮತ್ತೆ ಕೂರಿಸಿದರೆ 80! ಅಂದರೆ 1.4ರಲ್ಲಿ ಹೊಸ ಟವರ್ ಕೊಟ್ಟದ್ದಕ್ಕಿಂತ ಒಂದು ಡಿಗ್ರಿ ಕಮ್ಮಿ, ಒಂದು ರೂಪಾಯಿ ಖರ್ಚಿಲ್ಲದೆ. ನಿಮ್ಮ ಚಿಪ್‌ಗೆ 1.25 ಸಾಲದೇ ಹೋಗಬಹುದು, ಒಂದೊಂದು ಒಂದೊಂದು ಥರ. ಇಳಿಸಿ, ಓಡಿಸಿ, ನೋಡಿ.

ಟವರ್ ಇದ್ದಾಗ ಇನ್ನೊಂದು ಮಾಡಿ ನೋಡಿದೆ: ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದೆ. 72 ಇದ್ದದ್ದು 67ಕ್ಕೆ ಇಳಿಯಿತು. ಹೀಗೆ ಇಳಿದರೆ ತಪ್ಪು ಕೂಲರ್‌ನದಲ್ಲ, ಕ್ಯಾಬಿನೆಟ್‌ಗೆ ಉಸಿರು ಸಾಲುತ್ತಿಲ್ಲ. ಬಾಗಿಲು ತೆಗೆದೇ ಇಟ್ಟರೆ ಧೂಳು ತುಂಬುತ್ತದೆ, ಅದಕ್ಕೆ ಮುಂದುಗಡೆ ಎರಡು ಫ್ಯಾನು, ಅವಕ್ಕೆ ಜಾಲರಿ ಫಿಲ್ಟರ್ ಹಾಕಿ ಮುಚ್ಚಿದೆ. 68ಕ್ಕೆ ನಿಂತಿತು.

ನೀರು ತುಂಬುವ ರೂಮ್ ಕೂಲರ್ ಹಚ್ಚಿದರೆ ರೂಮು ಎಷ್ಟು ತಣ್ಣಗಾಗುತ್ತದೋ ಪ್ರೊಸೆಸರೂ ಅಷ್ಟೇ ಇಳಿಯುತ್ತದೆ. ಆದರೆ ಅದರ ಗಾಳಿ ಕ್ಯಾಬಿನೆಟ್ ಕಡೆ ತಿರುಗಿಸಬೇಡಿ. ತೇವ ಮತ್ತು ಧೂಳು ಸೇರಿದರೆ ಕೆಸರೇ.

ನಾನು ಟವರ್ ಮತ್ತು 1.25 ಇಟ್ಟುಕೊಂಡೆ. ಟವರ್ ಕೆಟ್ಟರೆ ಕೆಡುವುದು ಫ್ಯಾನ್ ಒಂದೇ, ಅದನ್ನು ಸುಮ್ನೆ ಬದಲಾಯಿಸಬಹುದು. ಲಿಕ್ವಿಡ್‌ನಲ್ಲಿ ಪಂಪ್ ನಿಂತರೆ ಇಡೀ ಕೂಲರೇ ಹೋದಂತೆ. ಲಿಕ್ವಿಡ್ ಕೂಲರ್ ಗಂಗಾವತಿಗೆ ವಾಪಸ್ ಹೋಯಿತು. ಗೆಳೆಯನದು 12 ಕೋರಿನ ರೈಜೆನ್ 9 3900ಎಕ್ಸ್, ಮದುವೆ ವಿಡಿಯೋಗಳನ್ನು ಗಂಟೆಗಟ್ಟಲೆ ರೆಂಡರ್ ಮಾಡುತ್ತಾನೆ. ಅದರಲ್ಲಿ ಕೋರ್‌ಗಳು ಎರಡು ಚಿಪ್ಪಿನಲ್ಲಿವೆ, ಬಿಸಿ ಎರಡು ಕಡೆಯಿಂದ ಮೇಲೆ ಬರುತ್ತದೆ, ಒಟ್ಟು ಬಿಸಿಯೂ ಜಾಸ್ತಿ. ಆ ರೇಡಿಯೇಟರ್‌ಗೆ ಅಲ್ಲಿ ಕೆಲಸ ಇದೆ.