ಪೊಲೀಸರು ಕೈಬಿಟ್ಟರೂ ಕೌನ್ಸಿಲ್ ಬಿಡುವುದಿಲ್ಲ: ಇಂಗ್ಲೆಂಡಿನಲ್ಲಿ ಟ್ಯಾಕ್ಸಿ ಓಡಿಸುವ ಕನ್ನಡಿಗರಿಗೆ ಎಚ್ಚರಿಕೆ

ಇಂಗ್ಲೆಂಡಿನಲ್ಲಿ ಟ್ಯಾಕ್ಸಿ ಅಥವಾ ಪ್ರೈವೇಟ್ ಹೈರ್ ಕಾರು ಓಡಿಸುತ್ತಿರುವ, ಇಲ್ಲವೇ ಅದಕ್ಕಾಗಿ ಲೈಸೆನ್ಸ್ ಕೊಡುವ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಅರ್ಜಿ ಹಾಕಿರುವ ಕನ್ನಡಿಗರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಪ್ರಯಾಣಿಕರು ಯಾರಾದರೂ ನಿಮ್ಮ ಮೇಲೆ ದೂರು ಕೊಟ್ಟು, ಪೊಲೀಸರು ವಿಚಾರಿಸಿ ಬಿಟ್ಟುಬಿಟ್ಟರೆ, ಅಷ್ಟಕ್ಕೇ ಬ್ಯಾಡ್ಜ್, ಅಂದರೆ ಚಾಲಕನ ಲೈಸೆನ್ಸ್, ಉಳಿಯಿತೆಂದು ನೆಮ್ಮದಿಯಾಗಿ ಕೂರಬೇಡಿ. ಪೊಲೀಸರು ನೋಡುವುದು ಬೇರೆ, ಕೌನ್ಸಿಲ್ ನೋಡುವುದೇ ಬೇರೆ. ಈ ವ್ಯತ್ಯಾಸ ತಿಳಿಯದ ಸಹಚಾಲಕರ ಮಾತು ಕೇಳಿದ್ದರೆ ಇವತ್ತು ನನ್ನ ಬಳಿ ಬ್ಯಾಡ್ಜ್ ಇರುತ್ತಿರಲಿಲ್ಲ.

ಉತ್ತರ ಇಂಗ್ಲೆಂಡಿನ ಒಂದು ಊರಿನಲ್ಲಿ ನಾನು ಪ್ರೈವೇಟ್ ಹೈರ್ ಚಾಲಕ. ಒಂದು ಶನಿವಾರ ರಾತ್ರಿ, ವಿಪರೀತ ಕುಡಿದಿದ್ದ ಪ್ರಯಾಣಿಕರೊಬ್ಬರು ವಾಂತಿ ಬರುತ್ತಿದೆ ಎಂದದ್ದರಿಂದ ಟೇಕ್‌ಅವೇ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿ ಹಿಂದಿನ ಬಾಗಿಲು ತೆರೆದೆ. ಇಳಿಯುವಾಗ ಅವರು ಓಲಾಡಿ ರಸ್ತೆಯ ಕಡೆಗೆ ಬೀಳುವಂತಾದಾಗ ಜಾಕೆಟ್ಟಿನ ತೋಳು ಹಿಡಿದು ನಿಲ್ಲಿಸಿದೆ. ಮರುದಿನ ಅವರು ಪೊಲೀಸರಿಗೆ ಹೇಳಿದ್ದು, ಚಾಲಕ ನನ್ನನ್ನು ಕಾರಿನಿಂದ ಎಳೆದು ಹಾಕಿದ ಎಂದು. ಪೊಲೀಸರು ನನ್ನನ್ನು ಬಂಧಿಸಲಿಲ್ಲ, ಠಾಣೆಗೆ ಕರೆಸಿ ಹೇಳಿಕೆ ಪಡೆದರು. ನಾನು ಅಂದೇ ಕೌನ್ಸಿಲ್‌ನ ಲೈಸೆನ್ಸಿಂಗ್ ವಿಭಾಗಕ್ಕೂ ಇಮೇಲ್ ಮೂಲಕ ವಿಷಯ ತಿಳಿಸಿದೆ. ಹಿಂಸೆ, ಅಪ್ರಾಮಾಣಿಕತೆ, ಲೈಂಗಿಕ ಅಪರಾಧ ಅಥವಾ ವಾಹನ ಚಾಲನೆಗೆ ಸಂಬಂಧಿಸಿದ ಬಂಧನ, ಆರೋಪ, ಶಿಕ್ಷೆ ಯಾವುದಾದರೂ ಆದರೆ 48 ಗಂಟೆಯೊಳಗೆ ತಿಳಿಸಬೇಕೆಂದು ಸರ್ಕಾರ 2020ರಲ್ಲಿ ಕೌನ್ಸಿಲ್‌ಗಳಿಗೆ ಕೊಟ್ಟ ಮಾನದಂಡದಲ್ಲಿದೆ. ಮುಚ್ಚಿಟ್ಟದ್ದು ಮುಂದೆ ತಿಳಿದುಬಂದರೆ ಅದೇ ಇನ್ನೊಂದು ಆರೋಪವಾಗುತ್ತದೆ.

ಲೈಸೆನ್ಸಿಂಗ್ ಅಧಿಕಾರಿ ಫೋನ್ ಮಾಡಿ, ಸುಮ್ಮನೆ ಒಂದೆರಡು ವಿಷಯ ಕೇಳುವುದಿದೆ, ಬಂದು ಹೋಗಿ ಎಂದರು. ಅದು ಸುಮ್ಮನೆ ಮಾತುಕತೆ ಆಗಿರಲಿಲ್ಲ. ನಾನು ಹೇಳುತ್ತಾ ಹೋದಂತೆ ಅವರು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಾ ಹೋದರು, ಕೊನೆಗೆ ಎರಡು ಹಾಳೆ ಪ್ರಿಂಟ್ ತೆಗೆದು ಸಹಿ ಹಾಕಿ ಎಂದು ಮುಂದಿಟ್ಟರು. ಬೀಳುತ್ತಿದ್ದವರನ್ನು ಹಿಡಿದೆ ಎಂದು ನಾನು ಹೇಳಿದ್ದೆ, ಆದರೆ ಅಲ್ಲಿದ್ದದ್ದು ‘ಪ್ರಯಾಣಿಕರ ಮೈಮೇಲೆ ಕೈ ಹಾಕಿದ್ದನ್ನು ಚಾಲಕ ಒಪ್ಪಿಕೊಂಡಿದ್ದಾನೆ’ ಎಂದು. ಅದರ ಕೆಳಗೆ ‘ಮಾತನಾಡುವಾಗ ಉದ್ವೇಗಗೊಂಡಿದ್ದ’ ಎಂಬ ಇನ್ನೊಂದು ಸಾಲು. ನಮ್ಮ ಕಡೆಯವರ ಮಾತಿನ ದನಿ ಸಹಜವಾಗಿಯೇ ಸ್ವಲ್ಪ ಎತ್ತರ, ಅದು ಅವರ ಕಿವಿಗೆ ಸಿಟ್ಟಿನಂತೆ ಕೇಳಿಸುತ್ತದೆ. ನಾನು ಪೆನ್ನು ಕೇಳಿ ಪಡೆದು, ಆ ಎರಡೂ ಸಾಲುಗಳ ಪಕ್ಕದ ಮಾರ್ಜಿನ್ನಿನಲ್ಲಿ ನಾನು ನಿಜವಾಗಿ ಏನು ಹೇಳಿದ್ದೆ ಎಂಬುದನ್ನು ಬರೆದು, ಅದರ ಕೆಳಗಷ್ಟೇ ಸಹಿ ಹಾಕಿ, ಹಾಳೆಗಳ ಫೋಟೋ ತೆಗೆದುಕೊಂಡೆ. ಅಧಿಕಾರಿಗೆ ಅದು ಹಿಡಿಸಲಿಲ್ಲ. ನಿಮ್ಮನ್ನು ಹೀಗೆ ಕರೆದರೆ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಲು ಅನುಮತಿ ಕೇಳಿ, ಓದದೆ ಯಾವುದಕ್ಕೂ ಸಹಿ ಹಾಕಬೇಡಿ.

ಕೆಲವೇ ದಿನಗಳಲ್ಲಿ ಲೈಸೆನ್ಸ್ ರದ್ದಾದ ಪತ್ರ ಬಂತು. ಟ್ಯಾಕ್ಸಿ ಲೈಸೆನ್ಸ್‌ಗೆ ಅನ್ವಯಿಸುವ 1976ರ ಕಾಯ್ದೆಯ 61ನೇ ಸೆಕ್ಷನ್ ಪ್ರಕಾರ, ಚಾಲಕನಿಗೆ ಶಿಕ್ಷೆ ಆಗದಿದ್ದರೂ ‘ಬೇರಾವುದೇ ಸಕಾರಣ’ ಇದ್ದರೆ ಕೌನ್ಸಿಲ್ ಲೈಸೆನ್ಸನ್ನು ಅಮಾನತಿನಲ್ಲಿಡಬಹುದು ಅಥವಾ ರದ್ದು ಮಾಡಬಹುದು. ಸಾಮಾನ್ಯವಾಗಿ ಮೇಲ್ಮನವಿ ಮುಗಿಯುವ ತನಕ ಕಾರು ಓಡಿಸಲು ಅವಕಾಶವಿರುತ್ತದೆ. ಆದರೆ ಸಾರ್ವಜನಿಕ ಸುರಕ್ಷತೆಯ ಹಿತದೃಷ್ಟಿಯಿಂದ ತಕ್ಷಣ ಜಾರಿ ಎಂದು ಕಾರಣ ಸಹಿತ ನೋಟಿಸಿನಲ್ಲಿ ಬರೆದುಬಿಟ್ಟರೆ, ಆ ಗಳಿಗೆಯಿಂದಲೇ ಚಕ್ರ ನಿಂತಂತೆ. ನನ್ನ ಪತ್ರದಲ್ಲಿ ಹಾಗೆಯೇ ಇತ್ತು, ಕಾರಣವಾಗಿ ಉಲ್ಲೇಖಿಸಿದ್ದು ಆ ‘ಒಪ್ಪಿಕೊಂಡಿದ್ದಾನೆ’ ಎಂಬ ಸಾಲನ್ನೇ. ಮಾರ್ಜಿನ್ನಿನಲ್ಲಿ ನಾನು ಬರೆದದ್ದರ ಪ್ರಸ್ತಾಪ ಎಲ್ಲಿಯೂ ಇರಲಿಲ್ಲ.

ಕೌನ್ಸಿಲ್ ತನ್ನನ್ನು ತಾನು ಕೇಳಿಕೊಳ್ಳಬೇಕಾದದ್ದು, ಈತ ‘ಫಿಟ್ ಅಂಡ್ ಪ್ರಾಪರ್’, ಅಂದರೆ ಈ ಕೆಲಸಕ್ಕೆ ಯೋಗ್ಯ ವ್ಯಕ್ತಿಯೇ ಎಂದು. ಸರ್ಕಾರದ ಮಾನದಂಡ ಅದನ್ನು ಹೀಗೆ ಬಿಡಿಸಿ ಹೇಳುತ್ತದೆ: ನಿಮಗೆ ಬೇಕಾದವರೊಬ್ಬರು, ಅವರು ಯಾವುದೇ ಸ್ಥಿತಿಯಲ್ಲಿರಲಿ, ಹಗಲೋ ರಾತ್ರಿಯೋ, ಈತನ ಕಾರಿನಲ್ಲಿ ಒಬ್ಬರೇ ಹೋಗಲು ನೀವು ಬಿಡುತ್ತೀರಾ? ಇಲ್ಲಿ ಸಂಶಯದ ಲಾಭ ಚಾಲಕನಿಗೆ ಸಿಗುವುದಿಲ್ಲ. ಅಪರಾಧ ಸಂಶಯಾತೀತವಾಗಿ ಸಾಬೀತಾಗಬೇಕಿಲ್ಲ, ನಡೆದಿರುವ ಸಂಭವವೇ ಹೆಚ್ಚು ಎನಿಸಿದರೆ ಸಾಕು. ಬೇರೆಯವರ ಬಾಯಿಂದ ಕೇಳಿದ ಮಾತನ್ನೂ ಸಾಕ್ಷ್ಯವಾಗಿ ಪರಿಗಣಿಸಬಹುದು. ಈ ಬಿಗಿ ಏಕೆ ಬಂತೆಂದು ನನಗೆ ಗೊತ್ತಿದೆ. ಉತ್ತರ ಇಂಗ್ಲೆಂಡಿನ ರಾದರ್‌ಹ್ಯಾಮ್ ಊರಿನಲ್ಲಿ ಮಕ್ಕಳ ಮೇಲೆ ವರ್ಷಗಟ್ಟಲೆ ನಡೆದ ಲೈಂಗಿಕ ಶೋಷಣೆಯಲ್ಲಿ ಟ್ಯಾಕ್ಸಿಗಳ ಪಾತ್ರವಿದ್ದುದನ್ನು 2014 ಮತ್ತು 2015ರ ವರದಿಗಳು ದಾಖಲಿಸಿದವು. ನನಗೂ ಮಗಳಿದ್ದಾಳೆ, ಆ ಪ್ರಶ್ನೆಯ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಇರುವುದು, ನಾನು ಹೇಳದ ಮಾತನ್ನು ಬರೆದುಕೊಂಡು ಆ ಪ್ರಶ್ನೆಗೆ ಉತ್ತರ ಹುಡುಕಿದ ರೀತಿಯ ಬಗ್ಗೆ.

ಇನ್ನು ಸಲಹೆಗಳ ವಿಷಯ. ಎನ್‌ಎಫ್‌ಎ ಪತ್ರ, ಅಂದರೆ ಮುಂದಿನ ಕ್ರಮವಿಲ್ಲವೆಂದು ಪೊಲೀಸರು ಕೊಡುವ ಪತ್ರ, ಬಂದ ಮೇಲೆ ಕೌನ್ಸಿಲ್ ತಾನಾಗಿಯೇ ಬ್ಯಾಡ್ಜ್ ವಾಪಸ್ ಕೊಡುತ್ತದೆ, ಅಲ್ಲಿಯ ತನಕ ತಾಳು ಎಂದು ಸ್ಟ್ಯಾಂಡಿನಲ್ಲಿ ನಿಲ್ಲುವ ಅನುಭವಿಗಳೇ ಹೇಳಿದರು. ಇದನ್ನು ಎಂದಿಗೂ ನಂಬಬೇಡಿ. ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಮೇಲ್ಮನವಿ ಸಲ್ಲಿಸಲು ನೋಟಿಸ್ ತಲುಪಿದಲ್ಲಿಂದ ಇರುವುದು 21 ದಿನ, ಅದನ್ನು ವಿಸ್ತರಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೂ ಇಲ್ಲವೆಂದು 2009ರಲ್ಲಿ ಹೈಕೋರ್ಟೇ ಹೇಳಿದೆ. ನಾನು ಅವರ ಮಾತು ಕೇಳದೆ ಗಡುವಿನೊಳಗೇ ಮೇಲ್ಮನವಿ ಸಲ್ಲಿಸಿದ್ದೆ, ನನ್ನ ಎನ್‌ಎಫ್‌ಎ ಪತ್ರ ಬಂದದ್ದು ಆ ಗಡುವು ಮುಗಿದು ಬಹಳ ದಿನಗಳ ಮೇಲೆ. ಅದನ್ನು ಕಳಿಸಿದಾಗ ಕೌನ್ಸಿಲ್ ಕೊಟ್ಟ ಉತ್ತರ ಒಂದೇ ಸಾಲು: ಪೊಲೀಸರ ತೀರ್ಮಾನ ನಮ್ಮನ್ನು ಬದ್ಧಗೊಳಿಸುವುದಿಲ್ಲ. ಕಾನೂನಿನ ದೃಷ್ಟಿಯಿಂದ ಅವರು ಹೇಳಿದ್ದು ಸರಿಯೇ.

ಇನ್ನೊಬ್ಬರು, ವೂಲ್ವರ್‌ಹ್ಯಾಂಪ್ಟನ್‌ನಲ್ಲಿ ಹೊಸದಾಗಿ ಅರ್ಜಿ ಹಾಕು, ದೇಶದ ಎಲ್ಲೆಡೆಯ ಚಾಲಕರೂ ಅಲ್ಲಿಯೇ ಲೈಸೆನ್ಸ್ ಮಾಡಿಸುತ್ತಾರೆ ಎಂದರು. ಎಲ್ಲ ಕೌನ್ಸಿಲ್‌ಗಳ ಅರ್ಜಿಯಲ್ಲಿಯೂ ಹಿಂದೆ ಲೈಸೆನ್ಸ್ ರದ್ದಾಗಿದೆಯೇ ಎಂಬ ಪ್ರಶ್ನೆಯಿರುತ್ತದೆ. ಇಂಗ್ಲೆಂಡಿನ ಕೌನ್ಸಿಲ್‌ಗಳು ರದ್ದು ಮತ್ತು ನಿರಾಕರಣೆಗಳನ್ನು ರಾಷ್ಟ್ರೀಯ ದಾಖಲೆಗೆ ಸೇರಿಸುವುದನ್ನೂ, ಹೊಸ ಅರ್ಜಿ ಬಂದಾಗ ಅದನ್ನು ನೋಡುವುದನ್ನೂ 2022ರ ಕಾಯ್ದೆ ಕಡ್ಡಾಯ ಮಾಡಿದೆ. ಆ ದಾಖಲೆಯಲ್ಲಿ ಹೆಸರು 11 ವರ್ಷ ಉಳಿಯುತ್ತದೆ. ಅರ್ಜಿಯಲ್ಲಿ ಸುಳ್ಳು ಬರೆದು ಸಿಕ್ಕಿಬಿದ್ದರೆ, ಮೊದಲಿನ ದೂರು ಸುಳ್ಳೆಂದು ತೋರಿಸಿದರೂ ಅಪ್ರಾಮಾಣಿಕ ಎಂಬ ಕಳಂಕ ತಪ್ಪುವುದಿಲ್ಲ.

ನನ್ನನ್ನು ಉಳಿಸಿದ್ದು ಆ ಟೇಕ್‌ಅವೇ ಅಂಗಡಿಯ ಕ್ಯಾಮೆರಾ. ದೂರಿನ ವಿಷಯ ತಿಳಿದ ವಾರದಲ್ಲೇ ಅಂಗಡಿಯವರಿಗೆ ಲಿಖಿತವಾಗಿ ಕೇಳಿಕೊಂಡು ಆ ಹೊತ್ತಿನ ದೃಶ್ಯ ಅಳಿಸಿಹೋಗದಂತೆ ಇಡಿಸಿದ್ದೆ, ಇಲ್ಲದಿದ್ದರೆ ಅದರ ಮೇಲೆ ಬೇರೆ ರೆಕಾರ್ಡಿಂಗ್ ಬಂದುಬಿಡುತ್ತಿತ್ತು. ಬುಕಿಂಗ್ ತೆಗೆದುಕೊಂಡು ನಮಗೆ ಕಳಿಸುವ ಆಪರೇಟರ್‌ನಿಂದ ಬುಕಿಂಗ್ ವಿವರ ಮತ್ತು ಕಾರು ನಿಂತ ಸ್ಥಳದ ಜಿಪಿಎಸ್ ದಾಖಲೆಯನ್ನೂ ಪಡೆದಿದ್ದೆ. ಕೋರ್ಟಿನಲ್ಲಿ ಕೌನ್ಸಿಲ್‌ನ ತೀರ್ಮಾನ ತಪ್ಪೆಂದು ತೋರಿಸುವ ಹೊಣೆ ಚಾಲಕನದು, ಆದ್ದರಿಂದ ಸುಮ್ಮನೆ ನಾನು ಒಳ್ಳೆಯವನು ಎಂದರೆ ನಡೆಯುವುದಿಲ್ಲ. ಮನೆ ಸಾಲ, ಮಕ್ಕಳ ಖರ್ಚು, ತಿಂಗಳುಗಟ್ಟಲೆ ದುಡಿಮೆಯಿಲ್ಲದ ಕಷ್ಟ ಇವನ್ನೆಲ್ಲ ಹೇಳಲು ಹೊರಟಾಗ, ಚಾಲಕನ ವೈಯಕ್ತಿಕ ಪರಿಸ್ಥಿತಿ ಈ ಪ್ರಶ್ನೆಗೆ ಸಂಬಂಧಿಸಿದ್ದಲ್ಲ ಎಂದು ನನ್ನ ವಕೀಲರೇ ತಡೆದರು. ಲೀಡ್ಸ್ ಕೌನ್ಸಿಲ್‌ಗೆ ಸಂಬಂಧಿಸಿದ 2002ರ ತೀರ್ಪಿನಿಂದ ಅದು ಇತ್ಯರ್ಥವಾದ ಮಾತು. ಹಾಗಾಗಿ ಇರುವ ಸಮಯವನ್ನೆಲ್ಲ ಆ ರಾತ್ರಿ ನಡೆದದ್ದಕ್ಕೇ ಬಳಸಿದೆವು. ಪ್ರಯಾಣಿಕರು ಓಲಾಡಿದ್ದು, ನಾನು ತೋಳು ಹಿಡಿದದ್ದು, ಅವರು ಕೆಲ ಹೊತ್ತು ಕಾರಿಗೆ ಒರಗಿ ನಿಂತದ್ದು ಪರದೆಯ ಮೇಲೆ ಕಂಡಿತು. ಮಾರ್ಜಿನ್ನಿನ ಬರಹವೂ ಅದೂ ಒಂದಕ್ಕೊಂದು ತಾಳೆಯಾದವು.

ಮೇಲ್ಮನವಿ ಮಾನ್ಯವಾಯಿತು, ಲೈಸೆನ್ಸ್ ಮರಳಿ ಬಂತು, ಆದರೆ ವಕೀಲರ ಖರ್ಚು ಮರಳಲಿಲ್ಲ. ಕೌನ್ಸಿಲ್ ಆಗ ತನ್ನ ಮುಂದಿದ್ದ ಮಾಹಿತಿಯ ಮೇಲೆ ಪ್ರಾಮಾಣಿಕವಾಗಿ, ವಿವೇಚನೆಯಿಂದ ತೀರ್ಮಾನಿಸಿದ್ದರೆ, ಚಾಲಕ ಗೆದ್ದರೂ ಅದರಿಂದ ಖರ್ಚು ಕೊಡಿಸಲು ಕೋರ್ಟ್‌ಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕಳೆದುಹೋದ ಗಳಿಕೆಯ ಮಾತಂತೂ ಬರಲೇ ಇಲ್ಲ. ಚಾಲಕರ ಸಂಘಗಳ ಸದಸ್ಯರಿಗೆ ಕಾನೂನು ನೆರವು ಇರುತ್ತದಾದರೂ, ಸದಸ್ಯರಾಗುವ ಮೊದಲೇ ನಡೆದ ಘಟನೆಗೆ ಅದು ಸಾಮಾನ್ಯವಾಗಿ ಸಿಗುವುದಿಲ್ಲ. ಆದ್ದರಿಂದ ದೂರು ಬಂದ ಮೇಲೆ ಸಂಘ ಹುಡುಕುವುದರ ಬದಲು, ಬ್ಯಾಡ್ಜ್ ಕೈಗೆ ಬಂದ ವಾರದಲ್ಲೇ ಸದಸ್ಯರಾಗಿ, ರಶೀದಿಯನ್ನು ಲೈಸೆನ್ಸ್ ಕಾಗದಗಳ ಜೊತೆಯಲ್ಲೇ ಇಟ್ಟುಕೊಳ್ಳಿ.